ಎಲ್ಲವೂ ಸೇರಿದ ದರ, ಎಲ್ಲೆಡೆ ಸೇರದ ರುಚಿ: ದಕ್ಷಿಣ ಗೋವಾದ ರೆಸಾರ್ಟೊಂದರ ಊಟ

ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಟ್ರಾವೆಲ್ ಏಜೆಂಟರ ಬಳಿ ಹೋಗಿ ಗೋವಾದ ರೆಸಾರ್ಟುಗಳನ್ನು ವಿಚಾರಿಸಿದರೆ, ಅವರು ಕೋಣೆಗಿಂತ ಮೊದಲು ಊಟದ ಪ್ಲಾನಿನ ಮಾತೆತ್ತುತ್ತಾರೆ. ಬೆಳಗಿನ ತಿಂಡಿ ಮಾತ್ರ ಸೇರಿದ್ದರೆ ಅದು ಸಿಪಿ, ತಿಂಡಿಯ ಜೊತೆ ಒಂದು ಹೊತ್ತಿನ ಊಟ ಸೇರಿದ್ದರೆ ಎಂಎಪಿ, ಮೂರೂ ಹೊತ್ತಿನದು ಸೇರಿದ್ದರೆ ಎಪಿ. ಇವುಗಳ ಮೇಲೆ ಸಂಜೆಯ ಚಹಾ-ತಿನಿಸು, ತಂಪು ಪಾನೀಯ, ಮದ್ಯ, ಕೋಣೆಯ ಫ್ರಿಜ್ಜಿನಲ್ಲಿಟ್ಟ ಬಾಟಲಿಗಳು ಎಲ್ಲವೂ ಒಂದೇ ದರದಲ್ಲಿ ಸೇರಿಕೊಂಡರೆ ಅದಕ್ಕೆ ಆಲ್ ಇನ್‌ಕ್ಲೂಸಿವ್ ಎಂಬ ಹೆಸರು. ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯವರೆಲ್ಲ ಸೇರಿ ದಕ್ಷಿಣ ಗೋವಾದ ಕಡಲತೀರದ ಒಂದು ಐಷಾರಾಮಿ ರೆಸಾರ್ಟಿನಲ್ಲಿ ಈ ಕೊನೆಯ ಬಗೆಯ ಪ್ಲಾನಿನ ಮೇಲೆ ಉಳಿದುಕೊಂಡಿದ್ದೆವು. ಕೋಣೆಯ ಕಿಟಕಿಯಿಂದ ಸಮುದ್ರ ಎಷ್ಟು ಕಾಣುತ್ತದೆ, ಈಜುಕೊಳ ಎಷ್ಟು ದೊಡ್ಡದು ಎಂಬುದನ್ನೆಲ್ಲ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಅಲ್ಲಿಯ ರೆಸ್ಟೋರೆಂಟುಗಳ ಬಗ್ಗೆ ಮಾತ್ರ. ರೆಸಾರ್ಟಿನ ಹೆಸರನ್ನು ಬೇಕೆಂತಲೇ ಬಿಟ್ಟಿದ್ದೇನೆ.

ಉಂಡವರು ಯಾರು ಎಂದು ತಿಳಿಯದೆ ಊಟದ ವಿಮರ್ಶೆಯನ್ನು ನಂಬುವುದು ಕಷ್ಟ, ಆದ್ದರಿಂದ ಅದನ್ನು ಮೊದಲೇ ಹೇಳುತ್ತೇನೆ. ಅವ್ವ ಮೊಟ್ಟೆಯನ್ನೂ ಮುಟ್ಟದ ಶುದ್ಧ ಶಾಕಾಹಾರಿ. ಹೆಂಡತಿಯೂ ಶಾಕಾಹಾರಿ, ಆದರೆ ಕೇಕಿನಲ್ಲಿರುವ ಮೊಟ್ಟೆಗೆ ಆಕೆಯ ತಕರಾರಿಲ್ಲ. ನಾನು ಮತ್ತು ತಮ್ಮ ಮೀನು ತಿನ್ನುವವರು, ತಮ್ಮ ಬಿಯರನ್ನೂ ಕುಡಿಯುವವನು. ಜೊತೆಗೆ ಪಾಸ್ತಾ, ಐಸ್‌ಕ್ರೀಮು ಬಿಟ್ಟರೆ ಬೇರೇನೂ ಬೇಡವೆನ್ನುವ ಮಕ್ಕಳು. ನಮ್ಮ ಕಡೆಯಿಂದ ಗೋವಾಕ್ಕೆ ಹೋಗುವ ಬಹುಪಾಲು ಕುಟುಂಬಗಳ ಸ್ವರೂಪ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ, ಮತ್ತು ಆಲ್ ಇನ್‌ಕ್ಲೂಸಿವ್ ಎಂಬ ದರವನ್ನು ಕಟ್ಟುವಾಗ ರೆಸಾರ್ಟಿನವರ ಕಣ್ಣ ಮುಂದೆ ಇರುವ ಅತಿಥಿ ಇಂಥ ಕುಟುಂಬವಲ್ಲ.

ಈ ಪದ್ಧತಿಯ ಮೂಲ ಯುರೋಪಿನಲ್ಲಿದೆ. 1950ರಲ್ಲಿ ಜೆರಾರ್ ಬ್ಲಿಟ್ಜ್ ಎಂಬ ಬೆಲ್ಜಿಯಂ ದೇಶದವರು ಸ್ಪೇನಿನ ಮಯೋರ್ಕಾ ದ್ವೀಪದ ಕಡಲತೀರದಲ್ಲಿ ಡೇರೆಗಳನ್ನು ಹಾಕಿಸಿ ಶುರುಮಾಡಿದ ಕ್ಲಬ್ ಮೆಡ್ ಎಂಬ ರಜಾ ಶಿಬಿರದಲ್ಲಿ ವಸತಿ, ಊಟ, ಆಟ ಎಲ್ಲಕ್ಕೂ ಒಂದೇ ದರವಿತ್ತು. ಆ ಏರ್ಪಾಡೇ ಮುಂದೆ ಪಂಚತಾರಾ ರೂಪ ಪಡೆದು ಜಗತ್ತಿನ ಕಡಲತೀರಗಳನ್ನೆಲ್ಲ ಹತ್ತಿತು. ಹಾಗೆಂದು ಒಮ್ಮೆ ದುಡ್ಡು ಕೊಟ್ಟು ಹೊಟ್ಟೆ ತುಂಬ ಉಣ್ಣುವುದು ಹುಬ್ಬಳ್ಳಿಯವರಿಗೆ ಹೊಸ ಮಾತೇನಲ್ಲ. ನಮ್ಮ ಖಾನಾವಳಿಗಳಲ್ಲಿ ತಾಟಿಗೆ ಒಂದು ದರ, ಅದರ ಮೇಲೆ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ ಬೇಕಾದಷ್ಟು. ವ್ಯತ್ಯಾಸವೆಂದರೆ ಅಲ್ಲಿ ತಾಟಿನಲ್ಲಿದ್ದ ರೊಟ್ಟಿ ಮುಗಿಯುವ ಹೊತ್ತಿಗೆ ಹಂಚಿನಿಂದ ಇನ್ನೊಂದು ಬರುತ್ತದೆ, ರೊಟ್ಟಿ ನಮಗಾಗಿ ಕಾಯುತ್ತ ಕೂತಿರುವುದಿಲ್ಲ. ರೆಸಾರ್ಟಿನ ಐದು ಕಡೆ ಉಂಡ ಮೇಲೆ ನನಗೆ ಖಚಿತವಾದದ್ದು ಇಷ್ಟು: ಎಲ್ಲೆಲ್ಲಿ ಅಡುಗೆಯವರು ನಮ್ಮ ಮುಖ ನೋಡಿ ಅಡುಗೆ ಮಾಡಿದರೋ ಅಲ್ಲಿ ಊಟ ಕೊಟ್ಟ ದುಡ್ಡಿಗೆ ತಕ್ಕಂತಿತ್ತು, ಎಲ್ಲೆಲ್ಲಿ ಅಡುಗೆ ಮೊದಲೇ ಆಗಿ ನಮ್ಮ ದಾರಿ ಕಾಯುತ್ತಿತ್ತೋ ಅಲ್ಲಿ ಊರಿನ ಮದುವೆಯ ಬಫೆಗಿಂತ ಮೇಲೇನೂ ಇರಲಿಲ್ಲ.

ಆ ಎರಡನೆಯ ಮಾತು ಮುಖ್ಯವಾಗಿ ದೊಡ್ಡ ಬಫೆ ರೆಸ್ಟೋರೆಂಟಿಗೆ ಸಲ್ಲುತ್ತದೆ. ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ಬುಕಿಂಗ್ ಬೇಡದ ಜಾಗ ಇದೊಂದೇ ಆಗಿರುವುದರಿಂದ ಅತಿಥಿಗಳಲ್ಲಿ ಹೆಚ್ಚಿನವರು ಬರುವುದು ಇಲ್ಲಿಗೇ. ಒಳಗೆ ಕಾಲಿಟ್ಟ ಕೂಡಲೇ ಬ್ರೆಡ್ಡು, ಆಮೇಲೆ ಸಲಾಡು, ಆಮೇಲೆ ಸೂಪು, ಅದರ ನಂತರ ಅನ್ನ ಮತ್ತು ನೂಡಲ್ಸು, ತಟ್ಟೆ ಮುಕ್ಕಾಲು ತುಂಬಿದ ಮೇಲೆ ಕಟ್ಟಕಡೆಗೆ ಸಿಗಡಿ ಮತ್ತು ಮೀನು. ಆ ಕಡೆಯ ಕೌಂಟರಿನಲ್ಲಿ ಮಾತ್ರ ಒಬ್ಬರು ಇಕ್ಕಳ ಹಿಡಿದು ನಿಂತಿದ್ದು, ತಾವೇ ಎಣಿಸಿ ಬಡಿಸುತ್ತಾರೆ. ಅಗ್ಗದ್ದು ಮೊದಲು, ತುಟ್ಟಿಯದ್ದು ಕೊನೆಗೆ ಎಂಬ ಈ ಜೋಡಣೆ ಬಫೆ ನಡೆಸುವವರ ಹಳೆಯ ಲೆಕ್ಕ; ಅದನ್ನು ತಪ್ಪೆನ್ನಲಾರೆ, ಆದರೆ ತಟ್ಟೆ ಹಿಡಿಯುವ ಮೊದಲು ಕೊನೆಯ ತನಕ ಒಂದು ಸುತ್ತು ಹೋಗಿ ಬರುವುದು ಒಳ್ಳೆಯದು.

ಬಫೆಯ ಬಿಸಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಯಿಸಿದ ಅಡುಗೆಯನ್ನು ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಬಿಸಿಯಲ್ಲಿ ಇಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಮತ್ತು ಇಲ್ಲಿ ಪಾತ್ರೆಗಳೆಲ್ಲ ನಿಜಕ್ಕೂ ಬಿಸಿಯಾಗಿಯೇ ಇದ್ದವು. ಆದರೆ ಮುಚ್ಚಿದ ಪಾತ್ರೆಯೊಳಗಿನ ಆ ಬಿಸಿ ದಾಲು, ಗ್ರೇವಿಗಳಿಗೆ ಒಗ್ಗುವಷ್ಟು ಫುಲ್ಕಾಕ್ಕೆ, ಬೋಂಡಾಕ್ಕೆ, ಹುರಿದ ಬೆಂಡೆಕಾಯಿಗೆ ಒಗ್ಗುವುದಿಲ್ಲ. ಫುಲ್ಕಾ ಇಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದಾಗ ಒಳಮೈಯಲ್ಲಿ ಕಟ್ಟಿದ್ದ ನೀರು ಸಾಲಾಗಿ ಇಳಿದು ಮೇಲಿನ ಎರಡು ಫುಲ್ಕಾಗಳ ಮೇಲೆ ಬಿತ್ತು. ಕೆಳಗಿನವು ಒಂದಕ್ಕೊಂದು ಅಂಟಿಕೊಂಡು ಬಿಡಿಸಿದರೆ ಹರಿಯುತ್ತಿದ್ದವು. ಅವ್ವ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಮೊಸರನ್ನ ಉಂಡಳು. ಪನೀರಿನ ಪದಾರ್ಥಗಳಿಗೆ ಹೆಸರು ಮೂರಿದ್ದರೂ ಅಡಿಯ ಗ್ರೇವಿ ಒಂದೇ: ಟೊಮ್ಯಾಟೊ, ಗೋಡಂಬಿ, ಕೆನೆ, ಸ್ವಲ್ಪ ಸಕ್ಕರೆ. ಶಾಕಾಹಾರವೆಂದರೆ ಪನೀರು ಎಂಬ ತಿಳಿವಳಿಕೆ ಪಂಚತಾರಾ ಅಡುಗೆಮನೆಗಳಿಂದ ಎಂದು ತೊಲಗುತ್ತದೋ ದೇವರೇ ಬಲ್ಲ. ಅದೂ ಗೋವಾಕ್ಕೆ ಬರುವ ತರಕಾರಿಯ ದೊಡ್ಡ ಪಾಲು ನಮ್ಮ ಬೆಳಗಾವಿಯಿಂದಲೇ ಘಟ್ಟ ಇಳಿದು ಬರುತ್ತದೆ. ಅಷ್ಟು ತಾಜಾ ಬದನೆ, ಹೀರೆ, ಮೆಂತ್ಯೆ ಕೈಗೆಟುಕುವಂತಿದ್ದೂ ಅವು ಬಫೆಯ ಮೇಜಿನ ಮೇಲೆ ಕಾಣಿಸದಿದ್ದುದು ನನಗೆ ಸೋಜಿಗವೆನಿಸಿತು.

ಬಫೆ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋದರೆ ಈ ದೂರುಗಳಲ್ಲಿ ಅರ್ಧದಷ್ಟು ಇರುವುದಿಲ್ಲ. ರಾತ್ರಿ ತಡವಾಗಿ ಹೋದ ದಿನ ಪಾತ್ರೆಗಳನ್ನು ಮತ್ತೆ ತುಂಬಿಸಿದ್ದರೇನೋ ನಿಜ, ಆದರೆ ಹಳೆಯದರ ಮೇಲೆಯೇ ಹೊಸದನ್ನು ಸುರಿದಿದ್ದರು.

ಅದೇ ಸಭಾಂಗಣದ ಎಡ ಮೂಲೆಯಲ್ಲಿ, ಹೆಚ್ಚಿನವರು ನೋಡದೆ ದಾಟಿ ಹೋಗುವ ಜಾಗದಲ್ಲಿ, ಗೋವಾದ ಅಡುಗೆಯ ಒಂದು ಸಣ್ಣ ಕೌಂಟರಿತ್ತು. ಇಡೀ ವಾಸ್ತವ್ಯದಲ್ಲಿ ನಾನು ಮನಸಾರೆ ಉಂಡದ್ದು ಇಲ್ಲಿ. ಒಂದು ತವಾ, ಎರಡು ಒಲೆ, ಮಣ್ಣಿನ ಗಡಿಗೆಗಳಲ್ಲಿ ನಾಲ್ಕೈದು ಪದಾರ್ಥ, ಪಕ್ಕದ ಬುಟ್ಟಿಯಲ್ಲಿ ಪೊಯಿ. ಪೊಯಿ ಎಂದರೆ ಗೋವಾದ ಪಾವಿನ ಬಂಧು, ಗೋದಿಯ ತವುಡು ಮೆತ್ತಿದ, ಒಳಗೆ ಟೊಳ್ಳಾದ ಗುಂಡನೆಯ ರೊಟ್ಟಿ; ಹಿಂದೆ ಇದರ ಹಿಟ್ಟನ್ನು ತೆಂಗಿನ ಕಳ್ಳು ಹಾಕಿ ಹುದುಗಿಸುತ್ತಿದ್ದರು, ಈಗ ಸಾಮಾನ್ಯವಾಗಿ ಈಸ್ಟ್ ಬಳಸುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದವರ ಹಲ್ಲಿಗೆ ಮೈದಾದ ಪಾವಿಗಿಂತ ಇದು ಬೇಗ ಹೊಂದುತ್ತದೆ.

ಕೌಂಟರಿನ ಹಿಂದೆ ನಿಂತಿದ್ದ ಅಡುಗೆಯವರು ನಮ್ಮ ಮಾತು ಕೇಳಿ, ತಾವು ರೋಣ ತಾಲ್ಲೂಕಿನವರೆಂದು ಹೇಳಿಕೊಂಡರು. ಗೋವಾದ ಹೋಟೆಲುಗಳಲ್ಲಿ ಗದಗ, ಹಾವೇರಿ, ಬಾಗಲಕೋಟೆ ಕಡೆಯವರು ಸಿಗುವುದು ಅಪರೂಪವೇನಲ್ಲ. ಅವ್ವ ಗಡಿಗೆಯೊಳಗೆ ಇಣುಕಿ, “ಬಣ್ಣ ನೋಡಿದ್ರ ಕೆಂಪಗೈತಿ, ಖಾರ ಮಾತ್ರ ಇಲ್ಲಲ್ಲೋ ಯಪ್ಪಾ” ಎಂದಳು. “ಹೊರಗಿನ ಮಂದಿಗೆ ಹೊಂದಲಿ ಅಂತ ಕಡಿಮಿ ಹಾಕ್ತೇವ್ರಿ ಅವ್ವಾರ. ಒಂದು ಹತ್ತು ಮಿನಿಟು ತಡೀರಿ, ನಿಮಗ ಬ್ಯಾರೆ ಮಾಡಿ ಕೊಡ್ತೀನಿ” ಎಂದು ಅವರು ಸಣ್ಣ ಬಾಣಲೆಯೊಂದನ್ನು ಒಲೆಗೇರಿಸಿದರು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಆದರೂ, ಇಲ್ಲಿಯ ಗಡಿಗೆಗಳಲ್ಲಿ ಖಾರವನ್ನು ಉದ್ದೇಶಪೂರ್ವಕವಾಗಿ ಇಳಿಸಿದ್ದರು ಎಂಬುದು ಹೀಗೆ ಗೊತ್ತಾಯಿತು.

ಅವರು ಮಾಡಿಕೊಟ್ಟದ್ದು ಖತಖತೆ: ತೊಗರಿಬೇಳೆ, ಕಾಯಿ ರುಬ್ಬಿದ ಮಸಾಲೆ, ಗೆಣಸು, ಕುಂಬಳ, ನುಗ್ಗೆ, ಮೂಲಂಗಿ ಎಲ್ಲ ಸೇರಿ ಕುದಿಯುವ ಗಟ್ಟಿ ಪದಾರ್ಥ, ಹುಳಿಗೆ ಕೋಕಂ ಸಿಪ್ಪೆ, ಘಮಕ್ಕೆ ಜುಮ್ಮನಕಾಯಿ. ಈ ಜುಮ್ಮನಕಾಯಿಯನ್ನು ಅಗಿದರೆ ನಾಲಿಗೆ ಸ್ವಲ್ಪ ಹೊತ್ತು ಜುಂ ಎನ್ನುತ್ತದೆ, ಆದ್ದರಿಂದ ಕಾಯಿಯನ್ನು ಎತ್ತಿ ಬದಿಗಿಟ್ಟು ಉಣ್ಣಬೇಕು. ಅಲಸಂದಿ ಕಾಳಿನ ತೊಂಡಾಕು ಅವ್ವನಿಗೆ ಇನ್ನೂ ಹಿಡಿಸಿತು. ಅದರ ಹುರಿದ ಕೊಬ್ಬರಿಯ ಮಸಾಲೆ ನಮ್ಮ ಕಡೆಯ ಕಾಳಿನ ಪಲ್ಯಕ್ಕೆ ಬಹಳ ದೂರದ್ದಲ್ಲ. ನನ್ನ ಪಾಲಿಗೆ ರವೆ ಹಚ್ಚಿ ಕರಿದ ಕಾಣೆ ಮೀನು, ತವಾದಿಂದ ನೇರ ತಟ್ಟೆಗೆ ಬಂತು. ಹೊರಗಿನ ರವೆ ಗರಿಗರಿ, ಒಳಗೆ ಮುಳ್ಳಿನಿಂದ ತಾನಾಗಿ ಬಿಡುವ ಬಿಳಿ ಮಾಂಸ. ಮೇಲೆ ಉಪ್ಪು, ಅರಿಸಿನ, ಹುಳಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೊನೆಗೆ ತೆಂಗಿನ ಹಾಲು, ಕೋಕಂ ಬೆರೆಸಿದ ಸೋಲ್ ಕಡಿ. ಪೋರ್ಚುಗೀಸರ ಆಫ್ರಿಕಾದ ವಸಾಹತುಗಳಿಂದ ಬಂದದ್ದೆನ್ನುವ ಹಸಿರು ಮಸಾಲೆಯ ಕಾಫ್ರಿಯಾಲ್ ಕೋಳಿ, ಹುರಿದ ಕೊಬ್ಬರಿ-ಗಸಗಸೆಯ ಶಾಕುತಿ ಇವೂ ಇದ್ದವು. ನಾವು ತಿನ್ನದವರಾದ್ದರಿಂದ ಅವುಗಳ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ.

ಸಿಹಿಯ ಮೇಜಿನ ವಿಷಯದಲ್ಲಿ ಶಾಕಾಹಾರಿಗಳಿಗೆ ಎಚ್ಚರಿಕೆ ಬೇಕು, ಮತ್ತು ಈ ಮಾತು ಇದೊಂದೇ ರೆಸಾರ್ಟಿಗೆ ಸೀಮಿತವಲ್ಲ. ಗೋವಾದ ಹೆಸರಾಂತ ಬೆಬಿಂಕಾ ಪದರ ಪದರವಾಗಿ ಬೇಯಿಸುವ ಸಿಹಿ. ಅದರಲ್ಲಿ ತೆಂಗಿನ ಹಾಲಿನಷ್ಟೇ ಮುಖ್ಯವಾದದ್ದು ಮೊಟ್ಟೆಯ ಹಳದಿ. ಇಟಲಿಯ ಕೆನೆಯ ಸಿಹಿಯಾದ ಪನ್ನಾ ಕೊಟ್ಟಾ, ಹಲವು ಬಗೆಯ ಮೂಸ್‌ಗಳು ಗಟ್ಟಿಯಾಗುವುದು ಜೆಲಟಿನ್‌ನಿಂದ, ಜೆಲಟಿನ್ ಬರುವುದು ಪ್ರಾಣಿಗಳ ಎಲುಬು, ಚರ್ಮದಿಂದ. ಇಲ್ಲಿಯ ಚೀಟಿಗಳ ಮೇಲೆ ಮೊಟ್ಟೆ ಇದ್ದಲ್ಲಿ ಮೊಟ್ಟೆಯ ಗುರುತಿತ್ತು, ಜೆಲಟಿನ್ ಇದ್ದ ಪನ್ನಾ ಕೊಟ್ಟಾದ ಮೇಲೆ ಮಾತ್ರ ಹಸಿರು ಚುಕ್ಕೆ ಹಾಕಿದ್ದರು. ಕೇಳಿದ ಮೇಲೆ ಒಳಗೆ ಹೋಗಿ ವಿಚಾರಿಸಿ ಬಂದು, ಕ್ಷಮೆ ಕೇಳಿ ಚೀಟಿಯನ್ನು ತೆಗೆದರು. ಮರುದಿನ ರಾತ್ರಿ ಅದೇ ಹಸಿರು ಚುಕ್ಕೆ ಮತ್ತೆ ಬಂದಿತ್ತು. ನಾಲ್ಕು ಹೊತ್ತು ಉಣಿಸುವ ಜಾಗದಲ್ಲಿ ಒಂದು ಚೀಟಿ ಸರಿಯಾಗಿ ಬರೆಯಲಾಗದಿದ್ದುದನ್ನು ಸಣ್ಣ ಲೋಪವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅಕ್ಕಿಹಿಟ್ಟು, ತೆಂಗಿನ ಹಾಲು, ಬೆಲ್ಲ ಕೂಡಿಸಿ ಗಂಟೆಗಟ್ಟಲೆ ಕೈಯಾಡಿಸಿ ಮಾಡುವ ದೋದೋಲ್‌ನಲ್ಲಿ ಇಂಥ ಯಾವ ತೊಡಕೂ ಇಲ್ಲ, ಮತ್ತು ಅದು ಚೆನ್ನಾಗಿಯೂ ಇತ್ತು.

ಬೆಳಗಿನ ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೋಸೆಯನ್ನು ಎದುರಿಗೇ ಹೊಯ್ದು ಕೊಡುತ್ತಿದ್ದರು, ಹಣ್ಣು ತಾಜಾ ಇತ್ತು, ಕಾಫಿ ಮಾತ್ರ ಯಂತ್ರದ್ದು. ಚಟ್ನಿಯನ್ನು ಬಿಟ್ಟರೆ ದೂರಲು ಏನೂ ಇರಲಿಲ್ಲ.

ಬುಕಿಂಗ್ ಬೇಕಾದ ಎರಡು ರೆಸ್ಟೋರೆಂಟುಗಳಲ್ಲಿ ಒಂದು ಇಟಲಿಯದು, ಇನ್ನೊಂದು ಚೀನಾ-ಥಾಯ್ ಅಡುಗೆಯದು. ಎಲ್ಲವೂ ಸೇರಿದೆ ಎಂಬ ಮಾತಿನ ಸಣ್ಣ ಅಕ್ಷರಗಳು ಎದುರಾಗುವುದು ಇಲ್ಲಿಯೇ. ಇಡೀ ವಾಸ್ತವ್ಯಕ್ಕೆ ಪ್ರತಿಯೊಂದರಲ್ಲಿ ಒಂದೊಂದೇ ರಾತ್ರಿಯ ಊಟ ಸೇರಿರುತ್ತದೆ, ಆ ಮೇಜನ್ನು ಬಂದ ದಿನವೇ ಕಾಯ್ದಿರಿಸಬೇಕು, ಗಂಡಸರು ಚಡ್ಡಿಯಲ್ಲಿ ಬರುವಂತಿಲ್ಲ. ಈ ಮೂರರಲ್ಲಿ ಮೊದಲನೆಯದನ್ನು ಕೋಣೆ ಕಾಯ್ದಿರಿಸುವಾಗ ಯಾರೂ ಹೇಳಿರಲಿಲ್ಲ. ನಮಗೆ ಏಳು ಗಂಟೆಯ ಮೇಜು ಸಿಕ್ಕಿತು. ಎಂಟೂವರೆಯದು ಆಗಲೇ ತುಂಬಿತ್ತು.

ಅಷ್ಟಾದರೂ ಇಟಲಿಯ ರೆಸ್ಟೋರೆಂಟಿನಲ್ಲಿ ಕೂತ ಮೇಲೆ ಸಿಟ್ಟು ಇಳಿಯಿತು. ಕಟ್ಟಿಗೆಯ ಒಲೆಯಿಂದ ಬಂದ ತೆಳು ಪಿಜ್ಜಾದ ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಗುಳ್ಳೆ, ನಡುವೆ ಟೊಮ್ಯಾಟೊ, ತುಳಸಿಯ ಜಾತಿಯ ಬೇಸಿಲ್ ಎಲೆ, ಅಷ್ಟೇ. ಅಣಬೆಯ ರಿಸೊಟ್ಟೊ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಸಾರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕೈಯಾಡಿಸುತ್ತಲೇ ಇರಬೇಕಾದ ಆ ಅನ್ನಕ್ಕೆ ಅಷ್ಟು ಹೊತ್ತು ಬೇಕೇ ಬೇಕು, ಐದು ನಿಮಿಷದಲ್ಲಿ ತಂದಿದ್ದರೆ ಅನುಮಾನ ಪಡಬೇಕಿತ್ತು. ಅಕ್ಕಿಯ ಕಾಳು ಹೊರಗೆ ಮೆತ್ತಗಾಗಿ, ನಡುವೆ ಒಂದಿಷ್ಟು ಬಿಗಿ ಉಳಿದಿತ್ತು. ಮೇಲೆ ತುರಿದು ಹಾಕುವ ಪಾರ್ಮೆಸಾನ್ ಚೀಸಿನ ಬಗ್ಗೆ ಬಡಿಸುವವರು ತಾವಾಗಿಯೇ ಹೇಳಿದ್ದನ್ನು ಇಲ್ಲಿ ದಾಖಲಿಸಬೇಕು: ಇಟಲಿಯ ಅಸಲಿ ಪಾರ್ಮಿಜಾನೊವನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಗಟ್ಟಿಸುವ ರೆನೆಟ್ ಬಳಸಿ ಮಾಡುವುದರಿಂದ ಅದು ಶುದ್ಧ ಶಾಕಾಹಾರಿಗಳಿಗೆ ಸಲ್ಲದು, ಬೇಡವಾದರೆ ಬಿಡುತ್ತೇವೆ ಎಂದರು. ಬಫೆಯವರು ಕೇಳಿದರೂ ಹೇಳಲಾಗದ್ದನ್ನು ಇವರು ಕೇಳುವ ಮೊದಲೇ ಹೇಳಿದರು. ಒಂದೇ ರೆಸಾರ್ಟಿನ ಎರಡು ಅಡುಗೆಮನೆಗಳ ನಡುವೆ ಇಷ್ಟು ಅಂತರವಿತ್ತು.

ಚೀನಾ-ಥಾಯ್ ಊಟ ಸಾಧಾರಣ. ಥಾಯ್ ಕರ್ರಿಯ ಮಸಾಲೆಯಲ್ಲಿ ಹುದುಗಿಸಿ ಅರೆದ ಸಿಗಡಿಯ ಪೇಸ್ಟು, ಸಾರಿನಲ್ಲಿ ಮೀನಿನ ಸಾಸ್ ಸೇರುವುದು ವಾಡಿಕೆಯಾದ್ದರಿಂದ ತರಕಾರಿ ಕರ್ರಿ ಎಂದ ಮಾತ್ರಕ್ಕೆ ನಂಬುವಂತಿಲ್ಲ; ಇಲ್ಲಿ ಶಾಕಾಹಾರಕ್ಕೆ ಬೇರೆ ಮಸಾಲೆ ಇದೆಯೆಂದರು, ರುಚಿಯಲ್ಲೂ ಅದು ಗೊತ್ತಾಗುತ್ತಿತ್ತು, ಏಕೆಂದರೆ ತೆಂಗಿನ ಹಾಲಿನ ಹೊರತು ಬೇರೆ ರುಚಿಯೇ ಇರಲಿಲ್ಲ.

ಮರಳಿನ ಮೇಲೆ ಮೇಜು ಹಾಕಿದ ಗ್ರಿಲ್ ಸಂಜೆ ಮಾತ್ರ ತೆರೆಯುತ್ತದೆ. ಮಂಜುಗಡ್ಡೆಯ ಮೇಲೆ ಹರಡಿದ ಮೀನಿನಲ್ಲಿ ಬೇಕಾದ್ದನ್ನು ತೋರಿಸಿದರೆ ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ನಾವು ಆರಿಸಿದ ಚೊಣಕು ಮೀನಿನ ಕಣ್ಣು ತಿಳಿಯಾಗಿತ್ತು, ಕಿವಿರು ಕೆಂಪಗಿತ್ತು. ಬಡಿಸುವವರೇ ಕಿವಿರು ಎತ್ತಿ ತೋರಿಸಿದರು. ಊಟವೂ ಅದಕ್ಕೆ ತಕ್ಕಂತೆ ಇತ್ತು. ಇಲ್ಲಿ ಕಾಲವನ್ನು ಗಮನಿಸಬೇಕು: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ರಿಯಾಯಿತಿ ದರ ನೋಡಿ ಆಗ ಹೋಗುವವರು ತಾಜಾ ಸಮುದ್ರ ಮೀನಿನ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಇನ್ನು ದೊಡ್ಡ ಸಿಗಡಿ ಮತ್ತು ಲಾಬ್‌ಸ್ಟರ್ ಪ್ಲಾನಿನಲ್ಲಿ ಸೇರಿಲ್ಲ, ಅವಕ್ಕೆ ತೂಕದ ಮೇಲೆ ಬೇರೆ ದರ. ತಮ್ಮ ತರಿಸಿಕೊಂಡ ಸಿಗಡಿಯ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಕೊಂಡಿತ್ತು. ಹೀಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಕೇಳಿದಾಗ ಮರುಮಾತಿಲ್ಲದೆ ತೆಗೆದರು. ಕೇಳದವರ ಬಿಲ್ಲಿನಲ್ಲಿ ಅದು ಉಳಿಯುತ್ತದೆ ಎಂದೇ ಅರ್ಥ.

ಮದ್ಯದ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಈ ದರದ ಗುಟ್ಟು ಇರುವುದು ಅಲ್ಲಿ. ಪ್ಲಾನಿನಲ್ಲಿ ಸೇರಿದ್ದು ಒಂದೆರಡು ಬಗೆಯ ಬಿಯರು, ದೇಶೀ ತಯಾರಿಕೆಯ ವಿಸ್ಕಿ, ರಮ್, ವೋಡ್ಕಾ, ಗ್ಲಾಸಿನ ಲೆಕ್ಕದ ವೈನು. ಗೋಡೆಯ ಮೇಲಿನ ಕಪಾಟಿನಲ್ಲಿ ಹೊಳೆಯುವ ಬಾಟಲಿಗಳಿಗೆ ಬೇರೆ ದುಡ್ಡು. 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಗೋವಾದ ಗೇರುಹಣ್ಣಿನ ಫೆನಿ, ಗೋವಾದಲ್ಲೇ ಇರುವ ಈ ಬಾರಿನಲ್ಲಿ, ಹೆಚ್ಚುವರಿ ದರದ ಪಟ್ಟಿಯಲ್ಲಿತ್ತು! ಮದ್ಯ ಕುಡಿಯುವುದಕ್ಕೆ ಅಲ್ಲಿ 21 ವರ್ಷ ತುಂಬಿರಬೇಕು. ಮಕ್ಕಳ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು, ಅದು ಮೆಚ್ಚತಕ್ಕದ್ದು. ಆದರೆ ಅವ್ವನ ಕೈಗೆ ಕಟ್ಟಿದ್ದು ತಮ್ಮನ ಕೈಗೆ ಕಟ್ಟಿದ್ದೇ ಪಟ್ಟಿ, ಇಬ್ಬರಿಗೂ ದರ ಒಂದೇ. ಒಬ್ಬಾಕೆ ಮೊಸರನ್ನ, ಎಳನೀರಿನ ಮೇಲೆ ದಿನ ಕಳೆದರೆ ಇನ್ನೊಬ್ಬನ ಬಿಯರಿನ ದುಡ್ಡನ್ನೂ ಆಕೆಯೇ ಕೊಟ್ಟಂತಾಯಿತು.

ಇಬ್ಬರಿಗೆ ಒಂದು ರಾತ್ರಿಗೆ ನಮಗೆ ಬಿದ್ದದ್ದು 25,000 ರೂಪಾಯಿಯ ಆಸುಪಾಸು, ಅದರ ಮೇಲೆ ಜಿಎಸ್‌ಟಿ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗಳಿಗೆ ಅದು 18 ಶೇಕಡಾ. ಅದೇ ಕೋಣೆ ಎಂಎಪಿ ಪ್ಲಾನಿನಲ್ಲಿ ಸಾಕಷ್ಟು ಕಡಿಮೆಗೆ ಸಿಗುತ್ತಿತ್ತು. ನಮ್ಮಂಥ ಮನೆಯವರಿಗೆ ನನ್ನ ಸಲಹೆ ಎಂಎಪಿಯೇ: ಬೆಳಿಗ್ಗೆ ತಿಂಡಿ, ರಾತ್ರಿ ಊಟ ರೆಸಾರ್ಟಿನಲ್ಲಿ, ಮಧ್ಯಾಹ್ನ ಹೊರಗೆ ಹಳ್ಳಿಯ ಹೋಟೆಲಿನಲ್ಲಿ ಮೀನೂಟ ಅಥವಾ ಮಡಗಾಂವಿನ ಶಾಕಾಹಾರಿ ಹೋಟೆಲು. ದಿನವಿಡೀ ಈಜುಕೊಳದ ಪಕ್ಕದಿಂದ ಏಳದ, ಗ್ಲಾಸು ಕೆಳಗಿಡದ ಸ್ನೇಹಿತರ ಗುಂಪಿಗಾದರೆ ಆಲ್ ಇನ್‌ಕ್ಲೂಸಿವ್ ಲಾಭವೇ. ಡಿಸೆಂಬರ್ ಕೊನೆಯ ವಾರದಲ್ಲಿ ಹೋಗುವವರು ಇನ್ನೊಂದನ್ನು ಕೇಳಿಕೊಳ್ಳಬೇಕು: 24 ಮತ್ತು 31ರ ರಾತ್ರಿಗೆ ಗಾಲಾ ಡಿನ್ನರ್ ಎಂದು ತಲೆಗಿಷ್ಟು ಕಡ್ಡಾಯವಾಗಿ ವಸೂಲಿ ಮಾಡುವುದು ಗೋವಾದ ದೊಡ್ಡ ರೆಸಾರ್ಟುಗಳಲ್ಲಿ ಸಾಮಾನ್ಯ, ಎಲ್ಲವೂ ಸೇರಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಬರೆದು ಕೊಡಿ ಎನ್ನಬೇಕು.

ಅದೇ ಪತ್ರದಲ್ಲಿ ಮೊದಲ ಊಟ ಯಾವುದು, ಕೊನೆಯ ಊಟ ಯಾವುದು ಎಂಬುದನ್ನೂ ಬರೆಸಿಕೊಳ್ಳಿ. ನಮ್ಮ ಕೈಪಟ್ಟಿಯನ್ನು ಹೊರಡುವ ದಿನ ಹನ್ನೊಂದಕ್ಕೆ ಕತ್ತರಿಸಿದರು, ಮಧ್ಯಾಹ್ನದ ಬಫೆ ತೆರೆಯುವುದು ಹನ್ನೆರಡೂವರೆಗೆ. ಬಂದ ದಿನ ಕೋಣೆ ಸಿಕ್ಕದ್ದು ಮೂರು ಗಂಟೆಗೆ, ಅಂದಿನ ಬಫೆ ಮುಚ್ಚಿದ್ದೂ ಮೂರಕ್ಕೇ. ಮುಂಚಿತವಾಗಿ ಕೇಳಿದವರಿಗೆ ಬಂದ ದಿನವೇ ಸ್ವಾಗತ ಕೌಂಟರಿನಲ್ಲಿ ಪಟ್ಟಿ ಕಟ್ಟಿ, ಕೋಣೆ ಸಿಗುವ ಮೊದಲೇ ಊಟಕ್ಕೆ ಬಿಡುತ್ತಾರಂತೆ; ಈ ಮಾತನ್ನು ಹೇಳಿದವರೂ ಆ ರೋಣದ ಅಡುಗೆಯವರೇ.